ಪಟ್ಟಿ ಮುಗಿದ ಮೇಲೆ ಬಂದ ಹೆಸರು

ಶಕುನ, ಮುನ್ಸೂಚನೆ ಎನ್ನುವವರನ್ನು ಕಂಡರೆ ಎದುರಿಗೇ ನಗುತ್ತಿದ್ದವನು ನಾನು. ಈಗ ನಗುವುದಿಲ್ಲ. ಹಾಗೆಂದು ನಂಬುತ್ತೇನೆಂದೂ ಹೇಳಲಾರೆ.

ನ್ಯಾಮತಿ ಹೊಸ ತಾಲ್ಲೂಕಾದ ಮೇಲೆ ಹೊನ್ನಾಳಿಯ ಪಡಿತರ ಪಟ್ಟಿಯಿಂದ ಅದರ ಹಳ್ಳಿಗಳನ್ನು ಬೇರೆ ಮಾಡುವ ಗುತ್ತಿಗೆ ಕೆಲಸ ಸಿಕ್ಕಿತ್ತು. ದಿನಾ ಚನ್ನಗಿರಿಯಿಂದ ಹೊನ್ನಾಳಿಯ ತಾಲ್ಲೂಕು ಕಚೇರಿಗೆ ಬೈಕಿನಲ್ಲಿ ಹೋಗಿಬರುತ್ತಿದ್ದೆ. ತೀರಿಹೋದವರ ಹೆಸರು ತೆಗೆಯಲು ಒಂದು ಪ್ರೊಸೀಜರ್, ಅಂದರೆ ಸಣ್ಣ ಪ್ರೋಗ್ರಾಂ, ಬರೆದಿದ್ದೆ. ಅದರೊಳಗಿನ ಕರ್ಸರ್ ಎಂಬ ಭಾಗ ಸತ್ತವರ ಪಟ್ಟಿಯಿಂದ ಒಂದೊಂದೇ ಸಾಲು ಎತ್ತಿ, ಒಂದು ಸಾಲಷ್ಟೇ ಹಿಡಿಯುವ ಡಬ್ಬಿಯಂಥ ವೇರಿಯಬಲ್‌ಗೆ ಹಾಕುತ್ತದೆ. ಪಟ್ಟಿ ಮುಗಿದರೂ ಕೊನೆಯ ಸಾಲು ಆ ವೇರಿಯಬಲ್‌ನಲ್ಲೇ ಕೂತಿರುತ್ತದೆ. ಮುಗಿಯಿತೇ ಎಂದು ನೋಡುವ ಪರೀಕ್ಷೆಯನ್ನು ನಾನು ತಪ್ಪು ಜಾಗದಲ್ಲಿ ಇಟ್ಟಿದ್ದೆ. ಆ ತಪ್ಪಿಗೆ ಕೊನೆಯ ಹೆಸರು ಎರಡು ಸಲ ಬರಬೇಕು, ಅಷ್ಟೇ.

ಒಂದು ಮಧ್ಯಾಹ್ನ ಅದನ್ನು ರನ್ ಮಾಡಿದೆ. ಪರದೆಯಲ್ಲಿ ಕೊನೆಯ ಹೆಸರಿನ ಕೆಳಗೆ ಬಂದದ್ದು ರುದ್ರಮ್ಮ. ನಮ್ಮ ಕೋಣೆ ಗುಡಿಸಿ ಟೀ ತರುತ್ತಿದ್ದ ರುದ್ರಮ್ಮನೇ, ಗಂಡನ ಹೆಸರು, ಊರು ಸಮೇತ. ಬದುಕಿರುವವರ ಪಟ್ಟಿಯನ್ನು ಆ ಪ್ರೊಸೀಜರ್ ಇನ್ನೂ ಮುಟ್ಟಿಯೇ ಇರಲಿಲ್ಲ; ಅವರ ಹೆಸರು ಬರಲು ದಾರಿಯೇ ಇರಲಿಲ್ಲ.

ಅಷ್ಟರಲ್ಲಿ ಅವರೇ ಟೀ ಹಿಡಿದು ಬಂದರು. "ನೋಡ್ರೀ ರುದ್ರಮ್ಮ, ಕಂಪ್ಯೂಟರ್ ನಿಮ್ಮನ್ನ ಸಾಯ್ಸೇಬಿಟ್ಟೈತೆ! ಇರ್ಲಿ ಬಿಡ್ರಿ, ಸುಳ್ಳು ಸುದ್ದಿ ಹುಟ್ಟಿದ್ರೆ ಆಯಸ್ಸು ಹೆಚ್ಚಂತೆ" ಎಂದು ತಮಾಷೆ ಮಾಡಿದೆ.

ಅವರು ನಗಲಿಲ್ಲ. "ಅದನ್ನ ಅಳ್ಸಿಬಿಡ್ರಿ ಸರ್. ಮಗಳ ಬಾಣಂತನ ಮಾಡಾಕೆ ನನ್ನ ಬಿಟ್ರೆ ಯಾರೂ ಇಲ್ಲ."

ಸತ್ತವರ ಪಟ್ಟಿಯನ್ನೆಲ್ಲ ಹುಡುಕಿದೆ. ಆ ಸಾಲು ಎಲ್ಲೂ ಇರಲಿಲ್ಲ. ಮತ್ತೆ ರನ್ ಮಾಡಿದರೆ ನಿಯಮದಂತೆ ಕೊನೆಯ ಹೆಸರೇ ಎರಡು ಸಲ ಬಂತು. "ಇಲ್ದಿರೋದನ್ನ ಹೆಂಗ್ರೀ ಅಳ್ಸೋದು?" ಎಂದೆ. ಇದ್ದದ್ದನ್ನು ಇದ್ದಹಾಗೆ ಹೇಳುತ್ತೇನೆಂಬ ಜಂಬ ನನಗೆ. ಸಂಜೆ ಹೊರಡುವಾಗಲೂ ಅವರು ಬಾಗಿಲಲ್ಲಿ ನಿಂತು ಅದನ್ನೇ ಕೇಳಿದರು. ನಾನು ತಲೆಯೆತ್ತದೆ ಇಲ್ಲವೆಂದು ಕೈಯಾಡಿಸಿದೆ.

ಮರುದಿನದಿಂದ ಅವರು ಕೆಲಸಕ್ಕೆ ಬರಲಿಲ್ಲ. ನಾಲ್ಕನೇ ದಿನ ತೀರಿಕೊಂಡರು. ಎದೆನೋವು ಎಂದರು. ಆ ಸಾಲು ಎಲ್ಲಿಂದ ಬಂತೆಂದು ಎಷ್ಟು ತಲೆ ಕೆಡಿಸಿಕೊಂಡರೂ ಇಂದಿಗೂ ಗೊತ್ತಾಗಿಲ್ಲ. ಅವರನ್ನು ಕೊಂದದ್ದು ಆ ಸಾಲೋ, ನನ್ನ ತಮಾಷೆಯೋ, ಅದೂ ಗೊತ್ತಿಲ್ಲ.

ಮಣ್ಣಿಗೆ ಹೋಗಿದ್ದೆ. ತುಂಬು ಬಸುರಿ ಮಗಳು ಗೋಡೆಗೊರಗಿ ಕೂತಿದ್ದಳು. "ನೀವೇನ್ರೀ ಕಂಪ್ಯೂಟರ್ ಸರ್? ಹೆಸ್ರು ತೆಗೆದ್ರೋ ಇಲ್ವೋ ಕೇಳ್ಕೊಂಡು ಬಾ ಅಂತ ಅವ್ವ ಒಂದೇ ಸಮ ಹೇಳ್ತಿದ್ಲು. ನನಗೆ ಬರಾಕೆ ಆಗ್ಲಿಲ್ಲ."

"ಅವತ್ತೇ ತೆಗೆದೆ ಕಣಮ್ಮ" ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು!