ಕಾಫಿ ಕಣದಲ್ಲಿ ಕಲಿತ ಮಗ್ಗಿ

ಮಾನ್ಯ ಓದುಗರ ಸನ್ನಿಧಿಗೆ, ಬರವಣಿಗೆಗೆ ಹೊಸಬಳಾದ ನಾನು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನನ್ನ ಅಕ್ಷರ ದುಂಡಗಿಲ್ಲ. ಕಾಗುಣಿತವೂ ಅಲ್ಲಲ್ಲಿ ಕೈಕೊಡುತ್ತದೆ. ಮನ್ನಿಸಬೇಕು. ಇಂದು ಬೆಳಿಗ್ಗೆ ಕಣದಲ್ಲಿ ಒಣಗುತ್ತಿರುವ ಕಾಫಿಹಣ್ಣಿನ ವಾಸನೆ ಮೂಗಿಗೆ ಬಡಿಯಿತು. ತಕ್ಷಣ ನನ್ನ ಬಾಯಿ ಹದಿಮೂರರ ಮಗ್ಗಿ ಹೇಳತೊಡಗಿತು. ಕಾರಣವನ್ನು ಈ ಮೂಲಕ ನಿವೇದಿಸುತ್ತೇನೆ.

ಮಲ್ಲಂದೂರಿನ ಕಡೆ ನಮ್ಮ ಶಾಲೆ ನಡೆಯುತ್ತಿದ್ದುದು ಗೌಡರೊಬ್ಬರು ಬಿಟ್ಟುಕೊಟ್ಟ ಹಳೆಯ ಗೋದಾಮಿನಲ್ಲಿ. ಬಾಗಿಲಾಚೆಗೇ ಅವರ ಕಾಫಿ ಕಣ. ಬಯಲುಸೀಮೆಯಿಂದ ಬಂದ ಹೊಸ ಮೇಷ್ಟರು ಶಿಸ್ತಿನ ಏರ್ಪಾಡೊಂದನ್ನು ಜಾರಿಗೆ ತಂದರು: ಎಲ್ಲರೂ ಕೈಕಟ್ಟಿ, ಅಲುಗಾಡದೆ, ಮನಸ್ಸಿನಲ್ಲೇ ಮಗ್ಗಿ ಕಲಿಯತಕ್ಕದ್ದು. ಗದ್ದಲ ಮಾಡಿದವರು ಬಿಸಿಲಿನಲ್ಲಿ ಮಗ್ಗಿ ಕೂಗುತ್ತ, ಕಣದಲ್ಲಿ ಒಣಹಾಕಿದ ಕಾಫಿಯನ್ನು ಕಾಲಿನಿಂದ ಸಾಲು ಎಳೆದು ಕೆದಕತಕ್ಕದ್ದು. ಸದರಿ ಶಿಸ್ತು ಗೌಡರಿಗೆ ಬಹಳ ಹಿಡಿಸಿತೆಂದು ಬೇರೆ ಹೇಳಬೇಕಾಗಿಲ್ಲ.

ನಾನು ವಿಧೇಯ ವಿದ್ಯಾರ್ಥಿನಿ. ಅಲುಗಾಡದೆ ಕುಳಿತೆ, ಅಲುಗಾಡದ ತಲೆಯೊಳಗೆ ಒಂದಂಕಿಯೂ ಇಳಿಯಲಿಲ್ಲ. "ಈ ಸಲ ಪಾಸಾಗದಿದ್ರೆ ಶಾಲೆ ಸಾಕು, ಮನೇಲಿ ತಮ್ಮನ್ನ ತೂಗು" ಎಂದು ಅಪ್ಪಯ್ಯ ಹೇಳಿಯಾಗಿತ್ತು. ಪಕ್ಕದಲ್ಲಿ ಕೂರುತ್ತಿದ್ದ ಪುಟ್ಟಮ್ಮನಿಗೋ ದಿನವೂ ಕಣದ ಶಿಕ್ಷೆ. ಮಗ್ಗಿಯೆಲ್ಲ ನಾಲಿಗೆಯ ತುದಿಯಲ್ಲಿ.

"ನಿಂಗೆ ಹ್ಯಾಗೆ ಬರುತ್ತೇ?" ಎಂದೆ.

"ಹೆಜ್ಜೆಗೊಂದು ಹೇಳ್ತಾ ಹೋದ್ರೆ ತಾನಾಗೇ ಬರುತ್ತೆ ಮಾರಾಯ್ತಿ. ಗೂಬೆ ತರ ಕೂತ್ರೆ ಎಲ್ಲಿಂದ ಬರ್ಬೇಕು? ಒಂದ್ಸಲ ಜೋರಾಗಿ ನಗು, ಸಾಕು."

ನಕ್ಕೆ. ಶಿಕ್ಷೆ ಮಂಜೂರಾಯಿತು. ಬೆಚ್ಚಗಿನ ಹಣ್ಣುಗಳು ಕಾಲ್ಬೆರಳ ಸಂದಿಯಲ್ಲಿ ಉರುಳುತ್ತಿದ್ದವು. ಒಂದು ಸಾಲು ಮುಗಿಯುವಷ್ಟರಲ್ಲಿ ಒಂದು ಮಗ್ಗಿ. ಎಷ್ಟು ಸುಖವೆಂದರೆ, ಮರುದಿನವೂ ನಕ್ಕೆ, ಅದರ ಮರುದಿನವೂ.

ಪರೀಕ್ಷೆಗೆ ಇನ್‌ಸ್ಪೆಕ್ಟರು ಬಂದರು. ಶಿಸ್ತಿನಂತೆ ಕೈಕಟ್ಟಿ ನಿಂತೆ. "ಹದಿಮೂರರ ಮಗ್ಗಿ" ಎಂದರು. ಒಂದಂಕಿಯೂ ನೆನಪಿಗೆ ಬರಲಿಲ್ಲ. ಕಣ್ಣೆದುರು ತಮ್ಮನ ತೊಟ್ಟಿಲು ತೂಗಾಡಿತು. ಕಾಲ್ಬೆರಳು ಮಾತ್ರ ನೆಲ ಕೆದಕುತ್ತಿತ್ತು. ಮೇಷ್ಟರು ಅದನ್ನೇ ನೋಡುತ್ತಿದ್ದರು. ತಾವೇ ತಂದ ಶಿಸ್ತನ್ನು ಇನ್‌ಸ್ಪೆಕ್ಟರ ಎದುರಿಗೇ ಮುರಿದರು.

"ಕೈ ಬಿಡಮ್ಮ. ನಡೀತಾ ಹೇಳು."

ಗೋಡೆಯಿಂದ ಗೋಡೆಗೆ ಕಾಲೆಳೆಯುತ್ತ ಹೊರಟೆ. ಹದಿಮೂರೊಂದ್ಲೆ ಹದಿಮೂರು... ನೂರಮೂವತ್ತು ತಲುಪುವಾಗ ಇನ್‌ಸ್ಪೆಕ್ಟರ ಬೂಟೂ ತಾಳ ಹಾಕುತ್ತಿತ್ತು.

"ಇದ್ಯಾವ ಪದ್ಧತಿ ಮೇಷ್ಟ್ರೇ?"

"ಇವತ್ತಿನವರೆಗೆ ಶಿಕ್ಷೆ ಸ್ವಾಮಿ," ಎಂದರು ಮೇಷ್ಟರು. "ನಾಳೆಯಿಂದ ಪಾಠ."

ಪಾಸಾದೆ. ಮರುದಿನ ಇಡೀ ಶಾಲೆ ಕಣಕ್ಕಿಳಿಯಿತು.

ಇಷ್ಟು ಬರೆಯುವಾಗ ನನ್ನ ಮಗಳು ಪುಸ್ತಕ ಹಿಡಿದು ಜಗಲಿಯಲ್ಲಿ ಅತ್ತಿತ್ತ ಓಡಾಡುತ್ತಿದ್ದಾಳೆ. "ಒಂದ್ಕಡೆ ಕೂತ್ಕೊಳ್ಳೇ" ಎನ್ನಲು ಬಾಯಿ ತೆರೆದವಳು, ಅದರ ಬದಲು ಕಣದತ್ತ ಕೈ ತೋರಿಸಿದೆ. ನಾನೂ ಹೊರಟಿದ್ದೇನೆ. ಆದುದರಿಂದ ಬರೆದುದನ್ನು ಮತ್ತೊಮ್ಮೆ ಓದಿ ನೋಡಲು ವ್ಯವಧಾನವಿಲ್ಲ. ಕಂಡುಬಂದ ತಪ್ಪುಗಳನ್ನು ತಾವೇ, ಸಾಧ್ಯವಾದರೆ ನಡೆದಾಡುತ್ತ, ತಿದ್ದಿಕೊಳ್ಳಬೇಕಾಗಿ ಕೋರುತ್ತೇನೆ.