ನಲ್ಲಿಯಿಲ್ಲದ ಪೈಪು

ಮರಳುಗಾಡಿನ ಅಡಿಯಲ್ಲಿರುವ ಎಣ್ಣೆ ಕಲ್ಲಿನೊಳಗೆ ಹೇಗೆ ಹರಿಯುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಮಲೆನಾಡಿನ ಕಮ್ಮರಡಿಯ ಮನೆಯಲ್ಲೇ ಕೂತು ಮಾಡುತ್ತೇನೆ, ಕರೆಂಟು ಇದ್ದಾಗ. ಕಲ್ಲನ್ನು ಕಂಪ್ಯೂಟರಿನಲ್ಲಿ ಸಣ್ಣ ಚೌಕಗಳಾಗಿ ಕತ್ತರಿಸಿ, ಒಂದರಿಂದ ಪಕ್ಕದ್ದಕ್ಕೆ ಎಷ್ಟು ಹರಿಯಿತೆಂದು ಸಮೀಕರಣ ಬಿಡಿಸಬೇಕು. ಹೊಸ ಬಾವಿ ಕೊರೆದರೆ ಹಳೆಯದರ ಒತ್ತಡ ಇಳಿಯುತ್ತದೆ. ಎಷ್ಟು ಎಂಬುದಷ್ಟೇ ತಕರಾರು.

ಹೋದ ವರ್ಷ ನನ್ನ ಗಂಡ ಕಾಫಿ ಹೂವಿಗೆ ನೀರು ಹಾಯಿಸಲೆಂದು ಗುಡ್ಡದ ನೆತ್ತಿಯಲ್ಲಿ ಬೋರು ಕೊರೆಸಲು ಹೊರಟ. ಅದರ ಕೆಳಗೇ ಅಬ್ಬಿ, ಕಲ್ಲಿನ ಸಂದಿಯಿಂದ ಒಸರುವ ನೀರು. ಇಳಿಜಾರಿನ ಕೂಲಿಯವರ ಮನೆಗಳಿಗೆಲ್ಲ ಅದೊಂದೇ ಗತಿ. ನಮ್ಮ ಮನೆಗೆಲಸಕ್ಕೆ ಬರುವ ಅಕ್ಕನೂ ಅಲ್ಲಿಯವಳೇ. ಅಬ್ಬಿಯಿಂದ ಮನೆಗಳತ್ತ ಎಳೆದ ಪೈಪಿಗೆ ನಲ್ಲಿ ಹಾಕಿದರೆ ಒತ್ತಡಕ್ಕೆ ಜಾಯಿಂಟು ಬಿಡುತ್ತದೆಂದು ಹಾಗೇ ಬಿಟ್ಟಿದ್ದರು, ನೀರು ಹಗಲೂ ರಾತ್ರಿ ಸುರಿಯುತ್ತಿತ್ತು.

ಅಬ್ಬಿ ನಿಂತುಹೋಗುತ್ತದೆ ಎಂದೆ. ಆ ಗುಡ್ಡವನ್ನೂ ಚೌಕಗಳಾಗಿ ಕತ್ತರಿಸಿ, ಲೆಕ್ಕ ಹಾಕಿ ತೋರಿಸಿದೆ.

"ಮೇಲಿನ ನೀರು ಬೇರೆ, ಪಾತಾಳದ ನೀರು ಬೇರೆ. ಒಂದಕ್ಕೊಂದು ಎಂತ ಸಂಬಂಧ ಮಾರಾಯ್ತಿ? ನಿಂದು ಎಣ್ಣೆ ಲೆಕ್ಕ" ಎಂದ ಗಂಡ.

ಊರೆಲ್ಲ ನಂಬುವುದೇ ಹಾಗೆ. ನೀರು ನೋಡುವವರು ಬಂದರು, ಅವರ ಅಂಗೈ ಮೇಲಿನ ತೆಂಗಿನಕಾಯಿ ಸರಿಯಾಗಿ ಆ ನೆತ್ತಿಯಲ್ಲೇ ಎದ್ದು ನಿಂತಿತು. ನನಗೆ ಮೈಯೆಲ್ಲ ಉರಿಯಿತು. ಕೊಪ್ಪದಿಂದ ಲಾರಿ ಬಂತು, ಕೊರೆಯಿತು, ನೀರು ಆಳೆತ್ತರ ಚಿಮ್ಮಿತು. ಅಕ್ಕನೂ ಕೈಮುಗಿದಳು.

ಶಿವರಾತ್ರಿ ಹೊತ್ತಿಗೆ ಅಬ್ಬಿಯ ಪೈಪು ತೊಟ್ಟಿಕ್ಕತೊಡಗಿತು, ಆಮೇಲೆ ನಿಂತೇ ಹೋಯಿತು. "ಈ ಸಲ ಬಿಸಿಲು ಜಾಸ್ತಿ" ಎಂದ ಗಂಡ. ಅವರೆಲ್ಲ ನಮ್ಮ ಅಂಗಳದ ನಲ್ಲಿಗೆ ಕೊಡ ಹಿಡಿದು ಬರತೊಡಗಿದರು. ನಾವು ಇಲ್ಲ ಎನ್ನಲಿಲ್ಲ. ಆದರೆ ಈಗ ಅವರು ಕೇಳಬೇಕು, ಕಾಯಬೇಕು. ಲೆಕ್ಕ ಸರಿಬಂದದ್ದಕ್ಕೆ ನನಗೆ ಯಾವತ್ತೂ ಇಷ್ಟು ಸಂಕಟವಾಗಿರಲಿಲ್ಲ. ನಾನು ಕುಡಿಯುವುದೂ ಅದೇ ಬೋರಿನ ನೀರು.

ಒಂದು ದಿನ ಪಾತ್ರೆ ತೊಳೆಯುತ್ತ ಅಕ್ಕ ಕೇಳಿದಳು, "ಅಮ್ಮ, ನಮ್ಮ ಅಬ್ಬಿ ಯಾವಾಗ ವಾಪಸ್ ಬರ್ತದೆ ಅಂತ ನಿಮ್ಮ ಕಂಪ್ಯೂಟರಲ್ಲಿ ಗೊತ್ತಾಗ್ತದಾ?"

ಬೋರು ಓಡುವಷ್ಟು ಕಾಲ ಬರುವುದಿಲ್ಲ ಎಂದು ಅದು ಆಗಲೇ ಹೇಳಿತ್ತು.

"ಮಳೆಗಾಲ ಬರ್ಲಿ, ನೋಡುವ" ಎಂದೆ.

ಮಳೆಗಾಲ ಬಂತು. ಪೈಪು ನಾಲ್ಕು ದಿನ ತೊಟ್ಟಿಕ್ಕಿ ಮತ್ತೆ ಒಣಗಿತು. ಮೊನ್ನೆ ಅಕ್ಕ ಅದನ್ನು ಸುರುಳಿ ಸುತ್ತಿ, ತಲೆ ಮೇಲೆ ಹೊತ್ತು ತಂದು ನಮ್ಮ ಪಂಪಿನ ಪಕ್ಕ ಇಳಿಸಿದಳು.

"ನಮಗೆ ಇನ್ನೆಂತಕ್ಕೆ ಅಮ್ಮ? ನಿಮ್ಮ ಬೋರಿಗಾದ್ರೂ ಆಗ್ತದೆ."