ಮಾವನ ಶಹನಾಯಿಗೆ ಜನ ನಕ್ಕ ದಿನ

ಧಾರಾವಾಹಿಗಳಿಗೆ ಹಿನ್ನೆಲೆ ಸಂಗೀತ ಮಾಡುವುದು ನನ್ನ ಕೆಲಸ. ಎರಡು ಸಿನಿಮಾಗಳಿಗೂ ಮಾಡಿದ್ದೇನೆ; ಅವು ಬಂದದ್ದೂ ಹೋದದ್ದೂ ಯಾರಿಗೂ ಗೊತ್ತಾಗಲಿಲ್ಲ. ಜನ ನನ್ನನ್ನು ಗುರುತಿಸುವುದು ಏಳು ಸೆಕೆಂಡಿನ ಒಂದು ತುಣುಕಿನಿಂದ. ಅದರ ಮಾತು ಬಂದಾಗ ನಾನು ತಲೆ ತಗ್ಗಿಸುತ್ತೇನೆ.

ನನಗೆ ಸ್ವರ ಹೇಳಿಕೊಟ್ಟವನು ಕೋಗಳಿಯ ಸೋದರಮಾವ. ಕೂಡ್ಲಿಗಿಯಿಂದ ಹಡಗಲಿಯವರೆಗೆ ಮದುವೆಗಳಲ್ಲಿ ಶಹನಾಯಿ ನುಡಿಸುತ್ತಿದ್ದ. ಅವನ ಅಪ್ಪನದೂ ಅದೇ ಕಸುಬು. ಬೆಂಗಳೂರಿನಲ್ಲಿ ಯಾರಾದರೂ ಸಂಗೀತ ಎಲ್ಲಿ ಕಲಿತಿರಿ ಎಂದರೆ ನಾನು ಯಾವುದೋ ಕೀಬೋರ್ಡ್ ಕ್ಲಾಸಿನ ಹೆಸರು ಹೇಳುತ್ತಿದ್ದೆ. ಮದುವೆಗಳಲ್ಲಿ ಊದುವ ಭಜಂತ್ರಿಯವರ ಮನೆಯಲ್ಲಿ ಕಲಿತೆ ಎನ್ನಲು ನಾಲಿಗೆ ಏಳುತ್ತಿರಲಿಲ್ಲ.

ಒಂದು ಧಾರಾವಾಹಿಯಲ್ಲಿ ಪೆದ್ದ ಮನೆಯಳಿಯನೊಬ್ಬನಿದ್ದ. ಬಂದಾಗಲೆಲ್ಲ ಎಡವಿ ಬೀಳುತ್ತಿದ್ದ. "ಅವನ ಮುಖ ಕಾಣೋದಕ್ಕೆ ಮೊದಲೇ ಜನ ನಗಬೇಕು, ಅಂಥದ್ದೇನಾದ್ರೂ ಕೊಡಿ," ಎಂದರು ನಿರ್ದೇಶಕರು. ನಾಲ್ಕು ಬಗೆ ಮಾಡಿಕೊಟ್ಟೆ, ಒಪ್ಪಲಿಲ್ಲ. ಆಗ ಮಾವ ನುಡಿಸಿದ್ದನ್ನು ಫೋನಿನಲ್ಲಿ ಹಿಡಿದಿಟ್ಟುಕೊಂಡದ್ದು ನೆನಪಾಯಿತು. ಮದುಮಗಳನ್ನು ಗಂಡಿನ ಕಡೆಯವರಿಗೆ ಒಪ್ಪಿಸುವಾಗ ನುಡಿಸುವ ಸುರ ಅದು. ಮೇಲಿನಿಂದ ಅಳುತ್ತ ಇಳಿಯುತ್ತದೆ. ಅದನ್ನೇ ಕೀಬೋರ್ಡಿನಲ್ಲಿ ಎರಡು ಪಟ್ಟು ವೇಗದಲ್ಲಿ ಓಡಿಸಿ, ಕೊನೆಗೊಂದು ಪೀಂ ಎನ್ನುವ ಸದ್ದು ಸೇರಿಸಿದೆ. ನಿರ್ದೇಶಕರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

ಆ ತುಣುಕು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಎಮ್ಮೆ ಜಾರಿದರೂ, ಮುದುಕ ಮುಗ್ಗರಿಸಿದರೂ ಜನ ಆ ವಿಡಿಯೊಗೆ ಅದನ್ನೇ ಹಾಕುತ್ತಿದ್ದರು.

ಮರುವರ್ಷ ಹಗರಿಬೊಮ್ಮನಹಳ್ಳಿಯ ಕಲ್ಯಾಣಮಂಟಪದಲ್ಲಿ ನೆಂಟರ ಮದುವೆ. ಮಾವನದೇ ಶಹನಾಯಿ. ಹೆಣ್ಣೊಪ್ಪಿಸುವ ಹೊತ್ತಿಗೆ ಅವನು ಕಣ್ಣು ಮುಚ್ಚಿ ಆ ಸುರ ಎತ್ತಿಕೊಂಡ. ಹಿಂದಿನ ಕುರ್ಚಿಗಳಲ್ಲಿ ಯಾರೋ ಕಿಸಕ್ಕೆಂದರು. ಇನ್ನೊಬ್ಬ ಪೆದ್ದನ ಹಾಗೆ ಎಡವಿ ತೋರಿಸಿದ. ನಗು ಮುಂದಿನ ಸಾಲಿನವರೆಗೂ ಬಂತು. ಅಳುತ್ತಿದ್ದ ಮದುಮಗಳೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು.

ಮಾವ ನಿಲ್ಲಿಸಿದ. ಶಹನಾಯಿಯ ಬಾಯಿಗಿರುವ ಪೀಪಿ ಬಿಚ್ಚಿ ನೋಡಿದ, ನಾಲಿಗೆಯಿಂದ ಒದ್ದೆ ಮಾಡಿ ಮತ್ತೆ ಹಾಕಿದ. ಪಕ್ಕದಲ್ಲಿದ್ದ ನನ್ನನ್ನು ಕೇಳಿದ: "ಯಾಕ ನಗಾಕ ಹತ್ಯಾರ? ಸುರ ತಪ್ಪಿತೇನು?"

"ಇಲ್ಲ ಮಾವಾ. ಅವರು ಬ್ಯಾರೆ ಏನಕ್ಕೋ ನಗಾಕ ಹತ್ಯಾರ," ಎಂದೆ.

ಎದುರಿಗೆ ನಿಂತಿದ್ದ ಹೆಂಗಸೊಬ್ಬಳು ಮೆಚ್ಚುಗೆಯಿಂದಲೇ ಹೇಳಿದಳು: "ನಿಮ್ಮ ಅಳಿಯಂದ ಐತಲ್ರಿ ಆ ಸೀರಿಯಲ್ಲು, ಅದ್ರಾಗ ಇದ ಬರತೈತಿ ನೋಡ್ರಿ." ಫೋನಿನಲ್ಲಿ ಹಚ್ಚಿಯೂ ಕೊಟ್ಟಳು.

ಮಾವ ಕಿವಿಗಿಟ್ಟುಕೊಂಡು ಕೇಳಿದ. ಮತ್ತೊಮ್ಮೆ ಹಚ್ಚು ಎಂದ. ಆಮೇಲೆ ಫೋನನ್ನು ವಾಪಸು ಕೊಟ್ಟು ನನ್ನ ಕಡೆ ತಿರುಗಿದ. "ಚಲೋ ಹೊಂದಿಸೀದಿ," ಎಂದ. ಅಷ್ಟೇ. ಆ ದಿನ ಮತ್ತೆ ನುಡಿಸಲಿಲ್ಲ, ಜೊತೆಯವನೇ ಮುಗಿಸಿದ. ನಾನು ಊಟದ ಪಂಕ್ತಿಗೂ ಕೂರದೆ ಹೊರಟೆ.

ಬೆಂಗಳೂರಿಗೆ ಹೋಗಿ, ಆ ತುಣುಕು ಬದಲಿಸೋಣ ಎಂದು ನಿರ್ದೇಶಕರನ್ನು ಕೇಳಿದೆ. "ಹುಚ್ಚೇನ್ರಿ? ಜನಕ್ಕೆ ಅದೇ ಬೇಕು," ಎಂದರು. ಎರಡನೇ ಸಲ ಕೇಳಲಿಲ್ಲ. ಕೆಲಸ ಹೋದೀತೆಂಬ ಭಯವಿತ್ತು ಎಂದುಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ ಹೆಸರು ಬಂದದ್ದು ನನಗೂ ರುಚಿಸಿತ್ತು.

ಮೂರು ತಿಂಗಳ ನಂತರ ಕೋಗಳಿಗೆ ಹೋದೆ. ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ ಮಾವ ಸರಿದು ಜಾಗ ಕೊಟ್ಟ.

"ತಪ್ಪಾತು ಮಾವಾ," ಎಂದೆ.

ಅವನು ಸುಲಿಯುತ್ತಲೇ ಇದ್ದ. ಕೈ ನಿಲ್ಲಿಸದೆಯೇ ಕೇಳಿದ: "ಅದು ನಮ್ಮ ಮನಿ ಸುರ ಅಂತ ಅಲ್ಲಿ ಯಾರಿಗಾದ್ರೂ ಹೇಳೀಯೇನು?"

"ಇಲ್ಲ."

"ಯಾರಿಗೂ?"

"ಯಾರಿಗೂ ಹೇಳಿಲ್ಲ."

"ಚಲೋ ಆತು ಬಿಡು. ಇನ್ನ ಮ್ಯಾಲೂ ಹೇಳಬ್ಯಾಡ," ಎಂದ. "ನಮ್ಮಪ್ಪ ಅದನ್ನ ನುಡಿಸಿದ್ರ ಮಂದಿ ಅಳತಿದ್ರು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅತ್ತೆ ರೊಟ್ಟಿ ತಂದಿಟ್ಟಳು, ತಿಂದೆ. ಹೆಣ್ಣೊಪ್ಪಿಸುವಾಗ ಮಾವ ಈಗ ಹಳೆಯ ಸಿನಿಮಾ ಹಾಡೊಂದನ್ನು ನುಡಿಸುತ್ತಾನಂತೆ. ಯಾರೂ ನಗುವುದಿಲ್ಲವಂತೆ, ಅತ್ತೆ ಹೇಳಿದಳು.